ಅಮೆರಿಕದ ಕಮ್ಯುನಿಟಿ ಕಾಲೇಜಿನ ಮನಃಶಾಸ್ತ್ರ ಪ್ರವೇಶ ಪಾಠ: ಶಿರಸಿಯಲ್ಲಿದ್ದುಕೊಂಡು ಅಷ್ಟನ್ನು ಕಲಿಯಬಹುದೇ?

ಶಾಲ್ಮಲಾ ತೀರ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಶೈಕ್ಷಣಿಕ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ನನ್ನ ಅಣ್ಣನ ಮಗಳು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ, ಅಂದರೆ ಎರಡು ವರ್ಷಗಳ ಪದವಿ ಕೊಡುವ ಸಾರ್ವಜನಿಕ ಕಾಲೇಜಿನಲ್ಲಿ, ಓದುತ್ತಿದ್ದಾಳೆ. ಅವಳ ಮುಖ್ಯ ವಿಷಯ ಲೆಕ್ಕಶಾಸ್ತ್ರವಾದರೂ ಕಳೆದ ಅವಧಿಯಲ್ಲಿ ಮನಃಶಾಸ್ತ್ರದ ಪ್ರವೇಶ ಪಾಠವನ್ನೂ ತೆಗೆದುಕೊಂಡಿದ್ದಳು. ರಜೆಗೆ ಮನೆಗೆ ಬಂದವಳು, ನಾನು ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಫೋನಿನಲ್ಲಿ "ಪಾಠವನ್ನು ನಾಲ್ಕು ಸಲ ಓದಿಕೋ" ಎಂದು ಹೇಳುವುದನ್ನು ಕೇಳಿಸಿಕೊಂಡು, "ಅತ್ತೆ, ನಾಲ್ಕು ಸಲ ಓದಿದರೆ ನೆನಪಿನಲ್ಲಿ ಉಳಿಯುತ್ತದೆ ಎನ್ನುವುದಕ್ಕೆ ಆಧಾರ ಏನು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಾನೂ ಬಿ.ಇಡಿ. ಮಾಡುವಾಗ ಮನಃಶಾಸ್ತ್ರ ಓದಿದ್ದೇನೆ. ಪಿಯಾಜೆಯ ನಾಲ್ಕು ಹಂತಗಳು, ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೋಹ್ಲರನ ಚಿಂಪಾಂಜಿ ಎಲ್ಲವೂ ಇಂದಿಗೂ ಬಾಯಿಗೆ ಬರುತ್ತವೆ. ಆದರೆ ಹದಿನಾರು ವರ್ಷಗಳಲ್ಲಿ ತರಗತಿಯ ಯಾವುದೇ ನಿರ್ಧಾರಕ್ಕಾಗಿ ನಾನು ಅವುಗಳ ಕಡೆಗೆ ತಿರುಗಿ ನೋಡಿದ ನೆನಪಿಲ್ಲ. ಒಂದೇ ಒಂದು ಅವಧಿ ಓದಿದ ಹುಡುಗಿಗೆ ಕೇಳಲು ಬಂದ ಪ್ರಶ್ನೆ ನನಗೇಕೆ ಬರಲಿಲ್ಲ ಎಂಬುದೇ ನನ್ನನ್ನು ಕೊರೆಯುತ್ತಿದೆ.

ಆದ್ದರಿಂದ ತಿಳಿದವರಲ್ಲಿ ವಿಚಾರಿಸುತ್ತಿದ್ದೇನೆ. ಆ ಮಟ್ಟದ ಪಾಠದಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ? ಕೆಲಸ ಬಿಡದೆ, ಶಿರಸಿಯಲ್ಲಿದ್ದುಕೊಂಡೇ ಅಷ್ಟನ್ನು ಕಲಿಯಲು ದಾರಿಯಿದೆಯೇ? ಇನ್ನೊಂದು ಮಾತು. ನಮ್ಮ ಶಾಲೆಯಲ್ಲಿ ಮನಸ್ಸಿನ ತೊಂದರೆ ಇರುವ ಮಕ್ಕಳೊಡನೆ ಕುಳಿತು ಮಾತನಾಡಲು ಯಾರೂ ಇಲ್ಲವಾದ್ದರಿಂದ, ಇಂಥದ್ದೊಂದು ಪಾಠ ಮುಗಿಸಿ ನಾನೇ ಆಪ್ತಸಮಾಲೋಚಕಿಯ ಕೆಲಸವನ್ನು ವಹಿಸಿಕೊಳ್ಳಬಹುದೇ ಎಂಬ ಆಸೆಯೂ ಇದೆ. ಸಹೋದ್ಯೋಗಿಯೊಬ್ಬರು ಹಣ ಕಟ್ಟಿ ಆನ್‌ಲೈನಿನಲ್ಲಿ ಮೂರು ವಾರಗಳ ತರಬೇತಿ ಪಡೆದು, ಚಿನ್ನದ ಬಣ್ಣದ ಮುದ್ರೆಯ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದ್ದಾರೆ. ನೀವೂ ಅದನ್ನೇ ಮಾಡಿ ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ.

ಕೋಡಿಬಾಗದ ಮಾಸ್ತರು, ಕಾರವಾರ

ಅಕ್ಕೋರೇ, ನಾನು ಮೂವತ್ತು ವರ್ಷಗಳ ಕಾಲ ಧಾರವಾಡದ ಕಡೆಯ ಕಾಲೇಜುಗಳಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತನಾಗಿ ಊರಿಗೆ ಬಂದವನು. ನಿಮ್ಮ ಸೊಸೆ ಕೇಳಿದ ಪ್ರಶ್ನೆಯಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಪ್ರವೇಶ ಪಾಠದ ತಿರುಳು "ಇದು ನಿಮಗೆ ಹೇಗೆ ಗೊತ್ತು?" ಎಂದು ಕೇಳುವ ಅಭ್ಯಾಸ. ಪ್ರತಿ ವರ್ಷ ಮೊದಲ ದಿನ ಒಬ್ಬನಾದರೂ ಹುಡುಗ ಎದ್ದುನಿಂತು "ಸರ್, ನನ್ನ ಮನಸ್ಸಿನಲ್ಲಿ ಈಗ ಏನಿದೆ ಹೇಳಿ ನೋಡೋಣ" ಎನ್ನುತ್ತಿದ್ದ. ಅದು ಗೊತ್ತಾಗುವ ಹಾಗಿದ್ದರೆ ನಾನು ಗೋಕರ್ಣದ ರಥಬೀದಿಯಲ್ಲಿ ಅಂಗಡಿ ಇಡುತ್ತಿದ್ದೆ ಎಂದು ಹೇಳಿ ಪಾಠ ಶುರುಮಾಡುತ್ತಿದ್ದೆ.

ಈ ಶಾಸ್ತ್ರ ತತ್ತ್ವಶಾಸ್ತ್ರದ ಮನೆಯಿಂದ ಬೇರೆಯಾಗಿ ನಿಂತದ್ದೇ ಪ್ರಯೋಗಶಾಲೆಯ ಬಲದಿಂದ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಶಾಲೆಯನ್ನು ತೆರೆದರು. ನಮ್ಮ ದೇಶದಲ್ಲಿ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಮನಃಶಾಸ್ತ್ರದ ವಿಭಾಗವನ್ನು ಆರಂಭಿಸಿತು. 1924ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ವಿಭಾಗ ಸ್ಥಾಪನೆಯಾಯಿತು. ಅವರು ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನಲ್ಲಿ ಖಾಸಗಿ ಬಾನುಲಿ ಕೇಂದ್ರವನ್ನು ಆರಂಭಿಸಿ, ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡ "ಆಕಾಶವಾಣಿ" ಎಂಬ ಹೆಸರನ್ನು ಬಳಸಿದವರೂ ಇದೇ ಮನಃಶಾಸ್ತ್ರದ ಪ್ರಾಧ್ಯಾಪಕರು. ವಿಷಯಕ್ಕೆ ಸಂಬಂಧಿಸದಿದ್ದರೂ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಎಂದೂ ಆಗಿಲ್ಲ.

ಬಿ.ಇಡಿ.ಯಲ್ಲಿ ನೀವು ಓದಿದ್ದು ತೀರ್ಮಾನಗಳನ್ನು. ಆ ತೀರ್ಮಾನಕ್ಕೆ ಬಂದ ದಾರಿಯನ್ನು ನಿಮಗೆ ಯಾರೂ ತೋರಿಸಲಿಲ್ಲ. ಕಾಲೇಜಿನಲ್ಲಿ ನಾವು ಆ ದಾರಿಯನ್ನು ತೋರಿಸುತ್ತಿದ್ದುದು ಪ್ರಾಯೋಗಿಕ ತರಗತಿಯಲ್ಲಿ. ಕನ್ನಡಿ ಚಿತ್ರದ ಪ್ರಯೋಗವನ್ನೇ ನೋಡಿ. ಒಂದು ಹಲಗೆಯ ಮೇಲೆ ಎರಡು ಗೆರೆಗಳಿಂದ ಅಚ್ಚಾದ ನಕ್ಷತ್ರದ ಹಾಳೆ ಇರುತ್ತದೆ. ಕೈಯನ್ನು ನೇರವಾಗಿ ನೋಡಲಾಗದಂತೆ ಒಂದು ತಡಿಕೆಯ ಮರೆ ಇರುತ್ತದೆ. ಎದುರಿಗಿರುವ ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲನ್ನು ಸಾಗಿಸಬೇಕು. ಮೊದಲ ಸಲ ಎಂಥ ಜಾಣನ ಕೈಯೂ ಮೂಲೆ ತಿರುಗುವಲ್ಲಿ ನಡುಗುತ್ತ ನಿಂತುಬಿಡುತ್ತದೆ. ಜೊತೆಗಾರ ಗಡಿಯಾರ ಹಿಡಿದು ಸೆಕೆಂಡುಗಳನ್ನೂ ಗೆರೆ ದಾಟಿದ ತಪ್ಪುಗಳನ್ನೂ ಬರೆದುಕೊಳ್ಳುತ್ತಾನೆ. ಹತ್ತನೆಯ ಸಲಕ್ಕೆ ಸಮಯವೂ ತಪ್ಪೂ ಇಳಿದಿರುತ್ತವೆ. ಆಮೇಲೆ, ಒಮ್ಮೆಯೂ ಅಭ್ಯಾಸ ಮಾಡಿರದ ಎಡಗೈಯಿಂದ ಬರೆಸಿದರೆ ಅದೂ ಮೊದಲಿಗಿಂತ ಚೆನ್ನಾಗಿ ಬರೆಯುತ್ತದೆ. ಹಾಗಾದರೆ ಕಲಿತದ್ದು ಕೈಯೋ, ಮಿದುಳೋ? ಆ ಪ್ರಶ್ನೆಯೊಡನೆ ತರಗತಿ ಬಿಡುತ್ತಿದ್ದೆ.

ಮರುದಿನ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯ ಕಥೆ. ಅಪಸ್ಮಾರಕ್ಕಾಗಿ 1953ರಲ್ಲಿ ಅವನ ಮಿದುಳಿನ ಎರಡೂ ಬದಿಗಳಿಂದ ಹಿಪ್ಪೋಕ್ಯಾಂಪಸ್ ಇರುವ ಭಾಗವನ್ನು ತೆಗೆದುಹಾಕಲಾಯಿತು. ಆಮೇಲೆ ಹೊಸದಾಗಿ ನಡೆದ ಯಾವುದೂ ಅವನ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಂದ ಇದೇ ಕನ್ನಡಿ ನಕ್ಷತ್ರವನ್ನು ಮೂರು ದಿನ ಬರೆಸಿದರು. ಈ ಕೆಲಸವನ್ನು ಹಿಂದೆ ಮಾಡಿದ್ದೇನೆಂಬ ನೆನಪೇ ಇಲ್ಲದ ಆ ಮನುಷ್ಯನ ಕೈ ದಿನದಿಂದ ದಿನಕ್ಕೆ ಪಳಗುತ್ತಾ ಹೋಯಿತು. ಅಂದರೆ ನೆನಪು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಒಂದೇ ವಸ್ತುವಲ್ಲ. ಇದನ್ನು ವ್ಯಾಖ್ಯೆಯಾಗಿ ಬರೆಸಿದರೆ ಹುಡುಗರು ಮರೆಯುತ್ತಾರೆ. ಹಿಂದಿನ ದಿನ ತಾವೇ ನಕ್ಷತ್ರ ಬರೆದು ಸೋತವರು ಮರೆಯುವುದಿಲ್ಲ.

ಇನ್ನು ನಾಲ್ಕು ಸಲ ಓದುವ ವಿಚಾರ. 1885ರಲ್ಲಿ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಕಾಲ ಕಳೆದಂತೆ ಮರೆವು ಹೇಗೆ ಬೆಳೆಯುತ್ತದೆಂದು ಅಳೆದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ಹೆಚ್ಚು, ಆಮೇಲೆ ನಿಧಾನ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು, ವಿದ್ಯಾರ್ಥಿಗಳ ಒಂದು ಗುಂಪಿನಿಂದ ಗದ್ಯಭಾಗವನ್ನು ಮತ್ತೆ ಓದಿಸಿದರು, ಇನ್ನೊಂದು ಗುಂಪಿನಿಂದ ಓದಿದ್ದನ್ನು ಪುಸ್ತಕ ನೋಡದೆ ಬರೆಸಿದರು. ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೋಡದೆ ಬರೆದವರು ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಹುಡುಗನಿಗೆ ತನಗೆ ಎಲ್ಲವೂ ಬರುತ್ತದೆ ಎನಿಸುವುದು ಈ ಐದು ನಿಮಿಷದ ಮೋಸದಿಂದ.

ಆನಂದಭವನ, ಹೊನ್ನಾವರ (ಈಗ ಸ್ಯಾಕ್ರಮೆಂಟೊ)

ಮಾಸ್ತರು ಬರೆದ ಮೇಲೆ ವಿಷಯದ ಬಗ್ಗೆ ನಾನು ಹೆಚ್ಚಿಗೆ ಹೇಳಬೇಕಾದ್ದಿಲ್ಲ. ಇಲ್ಲಿಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಅರೆಕಾಲಿಕವಾಗಿ ಇದೇ ಪಾಠವನ್ನು ಕಲಿಸಿದ ಅನುಭವದಿಂದ ವ್ಯವಸ್ಥೆಯನ್ನಷ್ಟೇ ವಿವರಿಸುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಸಾರ್ವಜನಿಕ ಕಾಲೇಜುಗಳಿವೆ. ಪ್ರವೇಶಕ್ಕೆ ಕಟ್-ಆಫ್ ಅಂಕಗಳಿಲ್ಲ. ಹೈಸ್ಕೂಲು ಮುಗಿಸಿದ ಹದಿನೆಂಟರ ಹುಡುಗನೂ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಸಹಾಯಕಿಯೂ, ಮೊಮ್ಮಕ್ಕಳಿರುವ ಅಜ್ಜಿಯೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಎರಡು ವರ್ಷಗಳ ಪದವಿಗೆ 60 ಯುನಿಟ್ ಬೇಕು. ಮನಃಶಾಸ್ತ್ರದ ಪ್ರವೇಶ ಪಾಠ ಸಾಮಾನ್ಯವಾಗಿ 3 ಯುನಿಟ್‌ಗಳದು, ಅಂದರೆ ವಾರಕ್ಕೆ ಮೂರು ಗಂಟೆ ತರಗತಿ ಮತ್ತು ಸುಮಾರು ಆರು ಗಂಟೆಗಳ ಸ್ವಂತ ಓದು. ರಾಜ್ಯದ ನಿವಾಸಿಗಳಿಗೆ ಯುನಿಟ್ಟಿಗೆ 46 ಡಾಲರ್ ಶುಲ್ಕವಾದ್ದರಿಂದ ಇಡೀ ಪಾಠಕ್ಕೆ 138 ಡಾಲರ್. ನಿವಾಸಿಗಳಲ್ಲದವರಿಗೆ ಇದರ ಹಲವು ಪಟ್ಟು. ಹಿಂದೆ ಒಂದೊಂದು ಕಾಲೇಜಿನಲ್ಲಿ ಈ ಪಾಠಕ್ಕೆ ಒಂದೊಂದು ಸಂಖ್ಯೆ ಇದ್ದು, ವಿಶ್ವವಿದ್ಯಾಲಯಕ್ಕೆ ವರ್ಗವಾಗುವಾಗ ವಿದ್ಯಾರ್ಥಿಗಳು ಪರದಾಡುತ್ತಿದ್ದರು; 2025ರಿಂದ ಎಲ್ಲ ಕಡೆಗೂ ಪಿ.ಎಸ್.ವೈ.ಸಿ. ಸಿ1000 ಎಂಬ ಒಂದೇ ಸಂಖ್ಯೆ ಬರುತ್ತಿದೆ.

ಈ ಪಾಠ ತೆಗೆದುಕೊಳ್ಳುವವರಲ್ಲಿ ಬಹುಪಾಲು ಮಂದಿ ಮನಃಶಾಸ್ತ್ರಜ್ಞರಾಗುವವರಲ್ಲ. ನರ್ಸಿಂಗ್, ವ್ಯಾಪಾರ, ಪೊಲೀಸ್ ಕೆಲಸ, ಶಿಶುಪಾಲನೆಗೆ ಹೋಗುವವರು. ಹೀಗಾಗಿ ಇಡೀ ಶಾಸ್ತ್ರವನ್ನು ಹದಿನಾರು ವಾರಗಳಲ್ಲಿ ಒಮ್ಮೆ ಸುತ್ತಿಸಿ ತೋರಿಸಬೇಕಾಗುತ್ತದೆ. ಅಮೆರಿಕದ ಮನೋವೈಜ್ಞಾನಿಕ ಸಂಘ ಇದಕ್ಕೆ ಐದು ಕಂಬಗಳನ್ನು ಸೂಚಿಸಿದೆ. ಮಿದುಳು ಮತ್ತು ದೇಹ ಒಂದು. ಕಲಿಕೆ, ನೆನಪು, ಯೋಚನೆ ಇನ್ನೊಂದು. ಶೈಶವದಿಂದ ಮುಪ್ಪಿನವರೆಗಿನ ಬೆಳವಣಿಗೆ ಮೂರನೆಯದು. ವ್ಯಕ್ತಿತ್ವ ಮತ್ತು ಸಮಾಜದೊಳಗಿನ ನಡವಳಿಕೆ ನಾಲ್ಕನೆಯದು. ಮಾನಸಿಕ ಮತ್ತು ದೈಹಿಕ ಆರೋಗ್ಯ ಕೊನೆಯದು. ಸಂಶೋಧನೆಯ ವಿಧಾನ ಇವೆಲ್ಲಕ್ಕೂ ಅಡಿಪಾಯ. ಎರಡು ಸಂಗತಿಗಳು ಒಟ್ಟಿಗೆ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬುದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮಳೆಗಾಲದಲ್ಲಿ ಕೊಡೆಯೂ ಹೆಚ್ಚು, ಕೊಳೆರೋಗವೂ ಹೆಚ್ಚು. ಕೊಡೆಯಿಂದ ಅಡಿಕೆಗೆ ಕೊಳೆ ಬರಲಿಲ್ಲ ಎಂಬ ನಮ್ಮೂರಿನ ಉದಾಹರಣೆಯನ್ನು ಇಲ್ಲಿಯ ಮಕ್ಕಳಿಗೂ ಕೊಟ್ಟಿದ್ದೇನೆ. ಅಡಿಕೆ ಎಂದರೇನೆಂದು ವಿವರಿಸಲು ಮತ್ತೆ ಹತ್ತು ನಿಮಿಷ ಹಿಡಿಯಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಸಂತೋಷದ ಸುದ್ದಿಯಿದೆ. ಇಲ್ಲಿಯ ಅನೇಕ ಕಾಲೇಜುಗಳು ಬಳಸುವ, ಓಪನ್‌ಸ್ಟ್ಯಾಕ್ಸ್ ಎಂಬ ಸಂಸ್ಥೆ ಹೊರತಂದ ಮನಃಶಾಸ್ತ್ರದ ಪಠ್ಯಪುಸ್ತಕ ಅಂತರಜಾಲದಲ್ಲಿ ಯಾರಿಗಾದರೂ ಉಚಿತ. 2020ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿದೆ, ಹದಿನಾರು ಅಧ್ಯಾಯಗಳಿವೆ. ಇಂಗ್ಲಿಷಿನಲ್ಲಿದ್ದರೂ ಭಾಷೆ ಸರಳ. ನೀವು ಮೊದಲಿನಿಂದ ಓದುತ್ತ ಹೋಗಬೇಡಿ. ಎರಡನೆಯ ಅಧ್ಯಾಯದ ಸಂಶೋಧನಾ ವಿಧಾನ, ಆಮೇಲೆ ಕಲಿಕೆಯ ಆರನೆಯದು, ನೆನಪಿನ ಎಂಟನೆಯದು, ಬೆಳವಣಿಗೆಯ ಒಂಬತ್ತನೆಯದು. ಶಿಕ್ಷಕಿಗೆ ತಕ್ಷಣ ಕೆಲಸಕ್ಕೆ ಬರುವಂಥವು ಇವು. ವಾರಕ್ಕೊಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯಿರಿ.

ಇನ್ನೊಂದು ಸಣ್ಣ ಉಪಯೋಗ ಹೇಳುತ್ತೇನೆ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಸಂಶೋಧಕರು ಕಾರು ಅಪಘಾತದ ಚಲನಚಿತ್ರದ ತುಣುಕುಗಳನ್ನು ತೋರಿಸಿ, ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು ಒಂದಕ್ಕೊಂದು "ಅಪ್ಪಳಿಸಿದಾಗ" ಎಂದು ಕೇಳಿದವರಿಗೆ ಗಂಟೆಗೆ ಸರಾಸರಿ ಸುಮಾರು 41 ಮೈಲಿ ಎನಿಸಿತು. "ತಗುಲಿದಾಗ" ಎಂದು ಕೇಳಿದವರಿಗೆ 32 ಮೈಲಿ. ನೋಡಿದ್ದು ಒಂದೇ ಚಿತ್ರಗಳು. ಮೈದಾನದಲ್ಲಿ ಇಬ್ಬರು ಹುಡುಗರು ಜಗಳವಾಡಿಕೊಂಡು ಬಂದಾಗ ಸಾಕ್ಷಿಯ ಹುಡುಗನನ್ನು "ಅವನು ಎಷ್ಟು ಜೋರಾಗಿ ಹೊಡೆದ?" ಎಂದು ಕೇಳುವ ಬದಲು "ಏನಾಯಿತು, ಹೇಳು" ಎಂದು ಕೇಳುವ ಜಾಣತನ ನನಗೆ ಬಂದದ್ದು ಇದರಿಂದ.

ಬಾಡದ ಹಾದಿ, ಕುಮಟಾ

ನಾನು ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞೆಯಾಗಿ ಕೆಲಸ ಮಾಡುವವಳಾದ್ದರಿಂದ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಸ್ವಲ್ಪ ಕಟುವಾಗಿ ಕೇಳಿಸಿದರೆ ಮೇಡಂ ಕ್ಷಮಿಸಬೇಕು.

ಪ್ರವೇಶ ಪಾಠ ಅಮೆರಿಕದ್ದಾದರೂ ಇಲ್ಲಿಯದಾದರೂ ಅದರಿಂದ ಯಾರೂ ಆಪ್ತಸಮಾಲೋಚಕರಾಗುವುದಿಲ್ಲ. ಅಲ್ಲಿಯೂ ಅದು ಮೊದಲ ಮೆಟ್ಟಿಲು ಮಾತ್ರ. ಭಾರತದಲ್ಲಿ "ಕ್ಲಿನಿಕಲ್ ಸೈಕಾಲಜಿಸ್ಟ್" ಎಂದು ಕರೆದುಕೊಳ್ಳಬೇಕಾದರೆ ಸ್ನಾತಕೋತ್ತರ ಮಟ್ಟದಲ್ಲಿ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ತರಬೇತಿ ಮುಗಿಸಿ ಅಲ್ಲಿ ನೋಂದಾಯಿಸಿಕೊಂಡಿರಬೇಕು. ನಾನು ಮಾಡಿದ್ದು ಎರಡು ವರ್ಷಗಳ ಎಂ.ಫಿಲ್.; ಪ್ರತಿದಿನ ರೋಗಿಗಳ ನಡುವೆ, ಹಿರಿಯರ ಕಣ್ಗಾವಲಿನಲ್ಲಿ. ಆಪ್ತಸಮಾಲೋಚನೆಯ ಕ್ಷೇತ್ರ ಬಹುಕಾಲ ಇಷ್ಟು ಬಿಗಿಯಾಗಿರಲಿಲ್ಲ. ಅದಕ್ಕಾಗಿಯೇ ಮೂರು ವಾರಗಳ ಪ್ರಮಾಣಪತ್ರಗಳು ಹುಲುಸಾಗಿ ಬೆಳೆದವು. 2021ರ ಆರೋಗ್ಯ ಪೂರಕ ವೃತ್ತಿಗಳ ಕಾಯಿದೆ ಈ ವೃತ್ತಿಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ.

ಇದರ ಜೊತೆಗೆ ನಿಮಗೆ ನೇರವಾಗಿ ತಾಗುವ ಒಂದು ಬದಲಾವಣೆಯಿದೆ. ಯಾವುದೇ ಪದವಿ ಇದ್ದವರು ದೂರಶಿಕ್ಷಣದಲ್ಲಿ ಮನಃಶಾಸ್ತ್ರದ ಎಂ.ಎ. ಮಾಡುವ ಅವಕಾಶ ಮೊದಲಿತ್ತು. ನನ್ನ ಪರಿಚಯದ ಅನೇಕ ಶಿಕ್ಷಕಿಯರು ಹಾಗೆ ಓದಿದ್ದಾರೆ. ಆದರೆ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವೂ ಸೇರಿದಂತೆ ಆ ಕಾಯಿದೆಯ ವ್ಯಾಪ್ತಿಯ ವಿಷಯಗಳ ಪದವಿಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಕೊಡಕೂಡದೆಂದು ಯು.ಜಿ.ಸಿ. ನಿರ್ದೇಶಿಸಿದೆ. ಈಗಲೂ "ಮನೆಯಲ್ಲೇ ಕುಳಿತು ಎಂ.ಎ. ಸೈಕಾಲಜಿ" ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಹಣ ಕಟ್ಟುವ ಮೊದಲು ಹತ್ತು ಸಲ ವಿಚಾರಿಸಿ. ಪದವಿಯ ಹಂಗಿಲ್ಲದೆ ತಿಳಿವಳಿಕೆಗಾಗಿ ಓದುವವರಿಗೆ ತೊಂದರೆಯೇನಿಲ್ಲ. ಇಗ್ನೋದ ಪಾಠಸಾಮಗ್ರಿ ಇ-ಜ್ಞಾನಕೋಶ ಎಂಬ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ, ಕೇಂದ್ರ ಸರ್ಕಾರದ "ಸ್ವಯಂ" ಎಂಬ ಕಲಿಕಾ ತಾಣದಲ್ಲಿ ಐ.ಐ.ಟಿ.ಗಳ ಪ್ರಾಧ್ಯಾಪಕರ ಮನಃಶಾಸ್ತ್ರದ ಉಪನ್ಯಾಸಗಳಿವೆ.

ಹಾಗೆಂದು ಶಿಕ್ಷಕಿ ಕೈಕಟ್ಟಿ ಕುಳಿತುಕೊಳ್ಳಬೇಕೆಂದಲ್ಲ. ನನ್ನ ಬಳಿಗೆ ಬರುವ ಹುಡುಗ ಹುಡುಗಿಯರಲ್ಲಿ ಬದಲಾವಣೆಯನ್ನು ಮೊದಲು ಗಮನಿಸಿದವರು ಎಷ್ಟೋ ಸಲ ಶಿಕ್ಷಕರೇ ಆಗಿರುತ್ತಾರೆ. ಮೊದಲು ಮುಂದಿನ ಬೆಂಚಿನಲ್ಲಿದ್ದವಳು ಹಿಂದಕ್ಕೆ ಹೋಗಿ ಕುಳಿತದ್ದು, ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದದ್ದು, ಅಕ್ಷರ ಕೆಟ್ಟದ್ದು. ಮನೆಯವರಿಗೆ ಇವು ಕಾಣುವುದಿಲ್ಲ, ಅಥವಾ ಕಂಡರೂ ಮೊದಲು ದೈವಜ್ಞರ ಬಳಿ ನೋಟ ಕೇಳಿಸಲು, ತಾಯಿತ ಕಟ್ಟಿಸಲು ಹೋಗುತ್ತಾರೆ. ನಾನು ಅವರನ್ನು ಬೈಯುವುದಿಲ್ಲ. ಅದನ್ನೂ ಮಾಡಿ, ಇಲ್ಲಿಗೂ ಬನ್ನಿ ಎನ್ನುತ್ತೇನೆ. ನೀವು ಕೇಳಿಸಿಕೊಳ್ಳಿ, ಬುದ್ಧಿವಾದಕ್ಕೆ ಅವಸರ ಮಾಡಬೇಡಿ, ರೋಗದ ಹೆಸರು ಹಚ್ಚಬೇಡಿ. ಮಗು ಸಾಯುವ ಮಾತಾಡಿದರೆ ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಬೇಡಿ. ಒಬ್ಬಂಟಿಯಾಗಿ ಬಿಡದೆ, ಮನೆಯವರಿಗೂ ವೈದ್ಯರಿಗೂ ಅದೇ ದಿನ ತಿಳಿಸಿ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಕೀಯ ವಿಭಾಗವಿದೆ, ಘಟ್ಟದ ಮೇಲಿನವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಶಿಕ್ಷಕರ ಕೊಠಡಿಯಲ್ಲಿ ಬರೆದು ಹಾಕಿ.

ಬಿಳೆಗೋಟು, ಸಿದ್ದಾಪುರ

ಎಲ್ಲವನ್ನೂ ಓದಿದೆ. ನನ್ನದೊಂದು ತಕರಾರಿದೆ. ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗಗಳನ್ನು ಮನುಷ್ಯಕುಲದ ಸತ್ಯವೆಂದು ನಮ್ಮ ಅಕ್ಕೋರು ಯಾಕೆ ಓದಬೇಕು? ಹಳೆಯ 100 ಮನಃಶಾಸ್ತ್ರ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು ಮೂರನೆಯ ಒಂದು ಪಾಲು ಮಾತ್ರ ಮೊದಲಿನ ಫಲ ಕೊಟ್ಟವು ಎಂಬ ವರದಿ 2015ರಲ್ಲಿ ಬಂದದ್ದು ಮಾಸ್ತರಿಗೆ ಗೊತ್ತಿಲ್ಲದೆ ಇರಲಾರದು. 1971ರ ಸ್ಟ್ಯಾನ್‌ಫರ್ಡ್ ಸೆರೆಮನೆ ಪ್ರಯೋಗದಲ್ಲಿ ಕಾವಲುಗಾರರ ಪಾತ್ರ ವಹಿಸಿದ ಹುಡುಗರು ತಾವಾಗಿಯೇ ಕ್ರೂರಿಗಳಾದರು ಎಂದು ದಶಕಗಳ ಕಾಲ ಪಾಠ ಹೇಳಿದರು. ಕಠಿಣವಾಗಿ ವರ್ತಿಸಲು ಅವರಿಗೆ ಹೇಳಿಕೊಟ್ಟಿದ್ದರೆಂದು ಆಮೇಲೆ ಧ್ವನಿಮುದ್ರಣಗಳಿಂದ ಹೊರಬಿತ್ತು. ನಮ್ಮ ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸರು ಒಂದು ಹಿಡಿ ಕೈಗೆತ್ತಿಕೊಂಡು ರಾಶಿ, ಬೆಟ್ಟೆ, ಚಾಲಿ, ಕೋಕಾ ಎಂಬ ಬಗೆಗಳಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ ಮಾಡುತ್ತಾರೆ. ಅವರಿಗೆ ಯಾವ ಪುಸ್ತಕವೂ ಬೇಕಾಗಿಲ್ಲ.

ಕೋಡಿಬಾಗದ ಮಾಸ್ತರು, ಕಾರವಾರ

ತಕರಾರು ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಆ 100 ಪ್ರಯೋಗಗಳನ್ನು ಮತ್ತೆ ಮಾಡಿ, ಬಿದ್ದದ್ದನ್ನು ಬಿದ್ದಿತೆಂದು ಪ್ರಕಟಿಸಿದವರೂ ಮನಃಶಾಸ್ತ್ರಜ್ಞರೇ ಎಂಬುದನ್ನು ತಾವು ಹೇಳಲಿಲ್ಲ. ಸ್ಟ್ಯಾನ್‌ಫರ್ಡಿನ ಪ್ರಯೋಗವನ್ನು ನಾನೂ ಹತ್ತಾರು ವರ್ಷ ಭಕ್ತಿಯಿಂದ ಪಾಠ ಮಾಡಿದವನೇ; ಈಗ ಕಲಿಸುವುದಾದರೆ ಅದರ ಬಿರುಕುಗಳಿಂದಲೇ ಶುರುಮಾಡುತ್ತೇನೆ. ಮಕ್ಕಳಲ್ಲಿ ಕೆಲವರು ಕಣ್ಣಿನಿಂದ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಬೇಕು ಎಂದು ಶಿಕ್ಷಕರ ತರಬೇತಿಗಳಲ್ಲಿ ಇಂದಿಗೂ ಹೇಳುತ್ತಾರಲ್ಲ, 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ಪರಿಶೀಲಿಸಿದಾಗ ಅದಕ್ಕೂ ತಕ್ಕ ಪುರಾವೆ ಸಿಗಲಿಲ್ಲ. ಒಳ್ಳೆಯ ಪ್ರವೇಶ ಪಾಠದಲ್ಲಿ ಇದೆಲ್ಲ ಬರುತ್ತದೆ.

ಪರದೇಶದ ಹುಡುಗರ ಮಾತಿಗೆ ಬಂದರೆ, ತುದಿಯಲ್ಲಿ ಬಾಣದಂಥ ಗೆರೆಗಳಿರುವ ಎರಡು ಸಮನಾದ ಗೀಟುಗಳಲ್ಲಿ ಒಂದು ಉದ್ದವಾಗಿ ಕಾಣುವ ಮುಲ್ಲರ್-ಲೈಯರ್ ಭ್ರಮೆಯನ್ನು ನಮ್ಮ ಪ್ರಯೋಗಶಾಲೆಯಲ್ಲಿ ಎಲ್ಲರಿಂದಲೂ ಮಾಡಿಸುತ್ತಿದ್ದೆವು. ಅದು ಕಣ್ಣಿನ ಹುಟ್ಟುಗುಣವೆಂದೇ ಅನೇಕರು ತಿಳಿದಿದ್ದರು. ಸೆಗಾಲ್ ಮತ್ತು ಸಂಗಡಿಗರು ಹಲವು ಸಮಾಜಗಳಲ್ಲಿ ಪರೀಕ್ಷಿಸಿ 1966ರಲ್ಲಿ ಪ್ರಕಟಿಸಿದಾಗ, ಭ್ರಮೆಯ ಪ್ರಮಾಣ ಊರಿಂದೂರಿಗೆ ಬೇರೆಯಾಗಿತ್ತು. ಅಮೆರಿಕದವರಲ್ಲಿ ಅತಿ ಹೆಚ್ಚು, ಕಲಹಾರಿ ಮರುಭೂಮಿಯ ಜನರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಮ್ಮ ಸಂಶಯವನ್ನು ಹೀಗೆ ಅಳೆದು ತೋರಿಸಬಹುದು.

ಅಡಿಕೆ ಆರಿಸುವವರ ವಿಷಯ ನನ್ನನ್ನು ನಿದ್ದೆಗೆಡಿಸಿತು. 1973ರಲ್ಲಿ ಚೇಸ್ ಮತ್ತು ಸೈಮನ್ ಚದುರಂಗದ ನಿಷ್ಣಾತರಿಗೆ ಆಟದ ನಡುವಿನ ಮಣೆಯನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದಾಗ, ಅವರು ಕಾಯಿಗಳನ್ನು ಹೊಸಬರಿಗಿಂತ ಬಹಳ ಚೆನ್ನಾಗಿ ಮರುಜೋಡಿಸಿದರು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ಆ ಮೇಲುಗೈ ಕರಗಿಹೋಯಿತು. ಅವರ ನೆನಪು ದೊಡ್ಡದಲ್ಲ, ಅರ್ಥವುಳ್ಳ ಗುಂಪುಗಳನ್ನು ಗುರುತಿಸುವ ಕಣ್ಣು ಪಳಗಿತ್ತು. ನಿಮ್ಮ ಮಂಡಿಯ ಹೆಂಗಸರು ನೋಡುವುದು ಬಣ್ಣವನ್ನೋ, ಸುಕ್ಕನ್ನೋ, ಅಥವಾ ಕೈಗೆ ಸಿಗುವ ತೂಕವನ್ನೋ? ಗಾಜಿನ ಡಬ್ಬಿಯೊಳಗೆ ಹಾಕಿ, ಮುಟ್ಟಲು ಬಿಡದೆ ಆರಿಸಲು ಹೇಳಿ ನೋಡಿ. ಅವರಿಗೆ ಪುಸ್ತಕ ಬೇಕಾಗಿಲ್ಲ ನಿಜ. ಅವರು ಹೇಗೆ ಮಾಡುತ್ತಾರೆಂದು ಇನ್ನೊಬ್ಬರಿಗೆ ಹೇಳಿಕೊಡಬೇಕಾದ ದಿನ ಬೇಕಾಗುತ್ತದೆ.

ಬಿಳೆಗೋಟು, ಸಿದ್ದಾಪುರ

ಡಬ್ಬಿಯ ಪರೀಕ್ಷೆಯನ್ನು ಸೀಸನ್ ಶುರುವಾದ ಮೇಲೆ ಮಾಡಿಸುತ್ತೇನೆ. ಅವರು ನನ್ನನ್ನು ನೋಡಿ ನಗುತ್ತಾರೆ, ಅದಕ್ಕೆ ಮಾತ್ರ ಮಾಸ್ತರೇ ಹೊಣೆ.

ಶಾಲ್ಮಲಾ ತೀರ, ಶಿರಸಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಆಪ್ತಸಮಾಲೋಚಕಿಯಾಗುವ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, 14416ನ್ನು ಶಿಕ್ಷಕರ ಕೊಠಡಿಯಲ್ಲಿಯೂ ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿಯಲ್ಲಿಯೂ ಬರೆದು ಹಾಕಿದ್ದೇನೆ. ಪಠ್ಯಪುಸ್ತಕದ ಎರಡನೆಯ ಅಧ್ಯಾಯ ಮುಗಿದಿದೆ.

ತಡೆಯಲಾರದೆ ಒಂದು ಪ್ರಯೋಗವನ್ನೂ ಮಾಡಿಬಿಟ್ಟೆ. ಮೂರು ವಾರಗಳ ಕಾಲ ಒಂಬತ್ತನೆಯ ತರಗತಿಯ "ಎ" ವಿಭಾಗದವರಿಂದ ಪಾಠದ ಕೊನೆಗೆ ಪುಸ್ತಕ ಮುಚ್ಚಿಸಿ ನೆನಪಿದ್ದಷ್ಟನ್ನು ಬರೆಸಿದೆ. "ಬಿ" ವಿಭಾಗದವರಿಂದ ಅಷ್ಟೇ ಹೊತ್ತು ಮತ್ತೆ ಓದಿಸಿದೆ. ಕಿರುಪರೀಕ್ಷೆಯಲ್ಲಿ "ಎ" ವಿಭಾಗ ಸರಾಸರಿ ಎರಡು ಅಂಕ ಮುಂದೆ ಬಂತು. ಸಂತೋಷದಿಂದ ಸೊಸೆಗೆ ಫೋನ್ ಮಾಡಿದರೆ ಅವಳು, "ಅತ್ತೆ, ಎ ವಿಭಾಗ ಮೊದಲಿನಿಂದಲೂ ಮುಂದಿರಲಿಲ್ಲವೇ?" ಎಂದಳು. ಹಳೆಯ ಅಂಕಪಟ್ಟಿ ತೆಗೆದು ನೋಡಿದೆ. ಒಂದೂವರೆ ಅಂಕ ಮುಂದಿದ್ದರು. ಈ ಸಲ ಎರಡೂ ವಿಭಾಗಗಳಲ್ಲಿ ಚೀಟಿ ಎತ್ತಿ ಅರ್ಧ ಮಕ್ಕಳನ್ನು ಒಂದು ಗುಂಪಿಗೆ, ಇನ್ನರ್ಧವನ್ನು ಇನ್ನೊಂದಕ್ಕೆ ಹಾಕಿದ್ದೇನೆ. ಇದು ಸರಿಯಾದ ಕ್ರಮವೇ?

ಮಾಸ್ತರೇ, ಇನ್ನೊಂದು ಕೇಳುವುದಿತ್ತು. ಆ ಕನ್ನಡಿ ನಕ್ಷತ್ರದ ಉಪಕರಣ ಈಗ ಎಲ್ಲಿಯಾದರೂ ಸಿಗುತ್ತದೆಯೇ? ಮಕ್ಕಳ ಎದುರು ಬರೆಯುವ ಮೊದಲು ನಾನೊಮ್ಮೆ ಸೋತು ನೋಡಬೇಕು.

ಆನಂದಭವನ, ಹೊನ್ನಾವರ (ಈಗ ಸ್ಯಾಕ್ರಮೆಂಟೊ)

ಚೀಟಿ ಎತ್ತಿದ್ದು ಸರಿಯಾದ ಕ್ರಮ. ಉತ್ತರಪತ್ರಿಕೆ ತಿದ್ದುವಾಗ ಯಾವ ಮಗು ಯಾವ ಗುಂಪಿನದೆಂದು ನಿಮಗೆ ಗೊತ್ತಿರಬಾರದು; ಸಹೋದ್ಯೋಗಿಯೊಬ್ಬರಿಂದ ತಿದ್ದಿಸಿ. ಪ್ರಯೋಗ ಮುಗಿದ ಮೇಲೆ ಮತ್ತೆ ಓದಿದ ಗುಂಪಿಗೂ ಬರೆಯುವ ಅವಕಾಶ ಕೊಡಿ, ಅವರಿಗೆ ಅನ್ಯಾಯವಾಗದಿರಲಿ. ಮುಖ್ಯೋಪಾಧ್ಯಾಯರಿಗೂ ಒಂದು ಮಾತು ತಿಳಿಸಿಡಿ.

ಕೋಡಿಬಾಗದ ಮಾಸ್ತರು, ಕಾರವಾರ

ಅಕ್ಕೋರೇ, ನಿವೃತ್ತಿಯಾಗುವಾಗ ಹಳೆಯ ಸಾಮಾನಿನ ರಾಶಿಯಲ್ಲಿ ಬಿದ್ದಿದ್ದ ಒಂದನ್ನು ಹಣ ಕೊಟ್ಟು ಮನೆಗೆ ತಂದುಕೊಂಡಿದ್ದೆ; ಅಟ್ಟದ ಮೇಲಿದೆ. ಕಡಲ ಗಾಳಿಗೆ ಕನ್ನಡಿಯ ಹಿಂದಿನ ಲೇಪ ಅಲ್ಲಲ್ಲಿ ಎದ್ದಿದ್ದರಿಂದ ನಿನ್ನೆ ಪೇಟೆಗೆ ಹೋಗಿ ಅದೇ ಅಳತೆಯ ಹೊಸ ಕನ್ನಡಿ ಕತ್ತರಿಸಿಕೊಂಡು ಬಂದೆ. ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಬರುವ ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿರುತ್ತೀರಿ. ನಕ್ಷತ್ರದ ಹಾಳೆ ನನ್ನಲ್ಲಿ ಉಳಿದದ್ದು ಒಂದೇ ಒಂದು. ಅದರ ಫೋಟೊ ಕಳಿಸುತ್ತೇನೆ, ಶಿರಸಿಯಲ್ಲೇ ನಲವತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ.